ಮೂರು ಸಲ ಬಳಿದ ಎಣ್ಣೆ

ಜಗತ್ತಿನ ಸೃಷ್ಟಿಯಿಂದ 7163ನೆಯ ವರ್ಷ, ಮಾರ್ಚ್ 20

ಬೆಳಿಗ್ಗೆ ಹನ್ನೊಂದು ಮೊಟ್ಟೆ ಒಡೆದೆ. ಹಳದಿ ಭಾಗ ಬಣ್ಣ ಕಲಸುವ ಬಟ್ಟಲಿಗೆ, ಬಿಳಿ ಭಾಗ ನಾಯಿಗೆ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ನಾಲ್ಕನೆಯ ವಾರ. ಊರಲ್ಲಿ ಮೊಟ್ಟೆ ಮುಟ್ಟುವುದು ನಮ್ಮ ಕೆಲಸದ ಕೊಟ್ಟಿಗೆಯಲ್ಲಿ ಮಾತ್ರ. ಪಖೋಮ್ ಎಂದಿನ ಮಾತೇ ಆಡಿದ.

"ನಮ್ಮೂರಲ್ಲಿ ಈಗ ಮೊಟ್ಟೆ ತಿನ್ನೋರು ಸಂತರು ಮಾತ್ರ ಕಣೋ ಸಾವ್ವಾ. ನಮಗೆ ಎಲೆಕೋಸು."

ಇಪ್ಪತ್ತೆರಡು ವರ್ಷದಿಂದ ಇದೇ ಮಾತು. ಇಪ್ಪತ್ತೆರಡು ವರ್ಷದಿಂದ ನಗುತ್ತಿದ್ದೇನೆ.

ದೇವರ ಪಟದ ಒಂದೇ ಹಲಗೆಗೆ ನಾವಿಬ್ಬರು. ಬಟ್ಟೆ, ಬೆಟ್ಟ, ಕುದುರೆ ಅವನದು. ಮುಖ, ಕೈ ನನ್ನದು. ಅವನು ಮೂಗು ಬರೆದರೆ ಮೂಲಂಗಿ. ನನಗೆ ಬಟ್ಟೆಯ ಒಂದು ಮಡಿಕೆ ನೆಟ್ಟಗೆ ಬರೆಯಲು ಬಾರದು.

ಆದರೂ ಒಂದು ಪಟ ಒಬ್ಬನೇ ಬರೆದಿದ್ದೇನೆ. ಮನೆಯಲ್ಲಿದೆ. ಒಲೆಯ ಹಿಂದೆ, ಗೋಡೆಗೆ ಮುಖ ಮಾಡಿ, ಗೋಣಿ ಹೊದ್ದ ದೇವಮಾತೆ. ಮುಖ ನಮ್ಮ ಉಲ್ಯಾಳದು. ಕಳೆದ ಸೆಪ್ಟೆಂಬರಿನ ಮಹಾಮಾರಿಗೆ ಹೋದಳು. ಹತ್ತೊಂಬತ್ತು ವರ್ಷ, ಒಬ್ಬಳೇ ಮಗಳು. ಪರಂಗಿ ವರ್ತಕನ ಅಚ್ಚಿನ ಚಿತ್ರವೊಂದನ್ನು ನೋಡಿ ನೋಡಿ ಆ ರೀತಿ ಕಲಿತೆ. ಕೆನ್ನೆಗೆ ನೆರಳು, ತುಟಿಗೆ ರಕ್ತ, ಕಣ್ಣಲ್ಲಿ ನೀರಿನ ಮಿಂಚು. ಹಿರಿಯರು ಬರೆದ ಸಂತರು ನಮ್ಮನ್ನು ನೋಡುವುದಿಲ್ಲ, ನಮ್ಮ ಆಚೆ ಎಲ್ಲೋ ನೋಡುತ್ತಾರೆ. ಇವಳು ನನ್ನನ್ನೇ ನೋಡುತ್ತಾಳೆ. ತಪ್ಪೆಂದು ಗೊತ್ತು.

ಇದನ್ನು ಬರೆಯುತ್ತಿರುವುದು ಕೆಟ್ಟುಹೋದ ನಕ್ಷೆಯ ಕಾಗದದ ಹಿಂಬದಿಯಲ್ಲಿ. ಯಾರಿಗೂ ತೋರಿಸಲು ಅಲ್ಲ.

ಮಾರ್ಚ್ 27

ಚರ್ಚಿನಲ್ಲಿ ದೊಡ್ಡ ಪಾದ್ರಿ ಗೆರ್ವಾಸಿ ಮಾಸ್ಕೋದ ಅಪ್ಪಣೆ ಓದಿದರು. ಪರಂಗಿ ರೀತಿಯ ಪಟ ಇಟ್ಟವರು ತಂದೊಪ್ಪಿಸಬೇಕು. ಅವುಗಳ ಕಣ್ಣು ಕೀಳಲಾಗುತ್ತದೆ. ಬರೆದವನು ಸಿಕ್ಕರೆ ಅವನ ಬಲಗೈ ಕಡಿಯಲಾಗುತ್ತದೆ.

ಅವರದು ಮೆತ್ತನೆಯ ದನಿ. ಕೂಗುವ ಪಾದ್ರಿಯಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

"ಇನ್ನೂರು ವರ್ಷದ ಹಿಂದೆ ನಮ್ಮ ರುಬ್ಲ್ಯೋವ್ ಪಟ ಬರೆದ ಹಾಗೆ ಬರೀರಿ" ಎಂದರು, ನಮ್ಮಿಬ್ಬರನ್ನೇ ನೋಡುತ್ತ.

ದಾರಿಯಲ್ಲಿ ಪಖೋಮ್ ಗೊಣಗಿದ. "ಆ ಮಹಾನುಭಾವ ಬರೆದಿದ್ದನ್ನ ಕಂಡೋರು ಯಾರಪ್ಪಾ? ಎಂಬತ್ತು ವರ್ಷಕ್ಕೆ ಪಟದ ಮೇಲೆ ಬಳಿದ ಎಣ್ಣೆ ಕಪ್ಪಾಗತ್ತೆ. ಅದರ ಮೇಲೆ ಇನ್ನೊಬ್ಬ ಬರೀತಾನೆ. ಅವನ ಮೇಲೆ ಮತ್ತೊಬ್ಬ. ರುಬ್ಲ್ಯೋವ್ ಪಾಪ ಒಳಗೇ ಕೂತಿದಾನೆ, ಉಸಿರು ಕಟ್ಟಿ."

ನಾನು ನಗಲಿಲ್ಲ. "ಯಾಕೋ?" ಎಂದ. ಹಲ್ಲುನೋವು ಎಂದೆ.

ಏಪ್ರಿಲ್ 2

ಮನೆ ಮನೆ ಹುಡುಕಾಟ ಶುರು. ತಾಮ್ರಗಾರನ ಮನೆಯಲ್ಲಿ ಒಂದು ಸಿಕ್ಕಿತು. ಅಂಗಳದಲ್ಲೇ, ದಬ್ಬಳದಿಂದ ಅದರ ಕಣ್ಣು ಕಿತ್ತರು. ಅವನ ಮುದಿ ತಾಯಿ ಕಿರುಚಿದ್ದು ಕೆರೆಯಾಚೆಗೂ ಕೇಳಿಸಿತಂತೆ. ನಮ್ಮ ಬೀದಿಯ ಸರದಿ ಈಸ್ಟರ್ ಕಳೆದ ಮೇಲೆ.

ನಮ್ಮ ಪಟ ಸುಟ್ಟುಬಿಡೋಣವೇ ಎಂದು ಹೆಂಡತಿ ಮಾವ್ರಾಳನ್ನು ಕೇಳಿದೆ. ಹಿಟ್ಟು ನಾದುತ್ತಿದ್ದಳು. ತಲೆಯೆತ್ತಲಿಲ್ಲ.

"ದೇವರ ಪಟ ಸುಡ್ತಾರಾ ಯಾರಾದ್ರೂ? ಅದರಲ್ಲೂ ಅವಳನ್ನ?"

"ಮತ್ತೇನು ಮಾಡ್ಲಿ? ಅವರ ಕೈಗೆ ಕೊಡ್ಲಾ?"

"ಅವಳ ಕಣ್ಣು ಮುಚ್ಚಿದ್ದು ನಾವು. ನಮ್ಮ ಕೈಯಾರೆ. ಈಗ ಬೇರೆಯವರು ಬಂದು ಕೀಳೋದು ಬೇಡ ರೀ. ಹೊಳೆಗೆ ಬಿಡಿ."

ಸರಿಯೇ. ಹಳೆಯ ಪಟಗಳಿಗೆ ನಮ್ಮಲ್ಲಿ ಇದೊಂದೇ ಗತಿ. ಸುಡುವಂತಿಲ್ಲ, ಎಸೆಯುವಂತಿಲ್ಲ. ವೋಲ್ಗಾ ಹೊಳೆಗೆ ಬಿಡಬೇಕು. ಕೆಳಗಿನ ಊರುಗಳಲ್ಲಿ ದಡಕ್ಕೆ ತಾಗಿದರೆ ಕಂಡವರು ನಮಸ್ಕರಿಸಿ ಮತ್ತೆ ನೀರಿಗೆ ತಳ್ಳುತ್ತಾರೆ. ಹೀಗೆ ಊರಿಂದೂರಿಗೆ ಸಾಗಿ ಕೊನೆಗೆ ಸಮುದ್ರ. ಯಾರೂ ತಡೆದು ನಿಲ್ಲಿಸುವುದಿಲ್ಲ.

ಏಪ್ರಿಲ್ 9

ಹೊಳೆಯಲ್ಲಿ ಮಂಜುಗಡ್ಡೆ ಬಿರಿಯುವ ಸದ್ದು. ಪಟದ ಮೇಲೆ ಕಾಯಿಸಿದ ಅಗಸೆಯೆಣ್ಣೆ ಮೂರನೆಯ ಸಲ ಬಳಿದೆ. ಎರಡೇ ಸಲ ಬಳಿಯುವುದು ವಾಡಿಕೆ. ಮೂರನೆಯದು ದಪ್ಪಗೆ, ಅಂಗೈಯಿಂದಲೇ ತಿಕ್ಕಿ. ಒಲೆಯ ಪಕ್ಕ ಒಣಗಲಿಟ್ಟೆ.

ಮಾವ್ರಾ ನೋಡುತ್ತ ನಿಂತಿದ್ದಳು. "ನೀರಿಗೆ ಬಿಡೋದಕ್ಕೆ ಇಷ್ಟೊಂದು ಎಣ್ಣೆ ಯಾಕೆ?"

ಥಂಡಿಯಾಗುತ್ತದೆ ಅವಳಿಗೆ — ಎನ್ನಲು ಹೋದೆ. ಒಲೆಗೆ ಇನ್ನೊಂದು ಸೌದೆ ಹಾಕಿದೆ.

ಏಪ್ರಿಲ್ 12, ಬೆಳಗಿನ ಜಾವ

ಬಿಟ್ಟೆ. ಎರಡು ಮಂಜುಗಡ್ಡೆಗಳ ನಡುವೆ. ಮುಖ ಕೆಳಗೆ ಮಾಡಿ ಬಿಡಬೇಕೆಂದುಕೊಂಡಿದ್ದೆ, ಕೈ ಬರಲಿಲ್ಲ. ಆಕಾಶ ನೋಡುತ್ತ ಹೋದಳು. ತಿರುವಿನ ತನಕ ಕಾಣಿಸಿದಳು.

ಮೇ 9

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ನಮ್ಮ ಮನೆಗೂ ಬಂದು ಹುಡುಕಿ ಹೋದರು. ಬರಿಗೈ. ಎರಡು ವಾರ ಚೆನ್ನಾಗಿ ನಿದ್ದೆ ಮಾಡಿದೆ.

ಇವತ್ತು ಪೇಟೆಯಲ್ಲಿ ಮೀನು ಮಾರುವವನೊಬ್ಬ ಹೇಳುತ್ತಿದ್ದ. ಹತ್ತು ಹರದಾರಿ ಕೆಳಗೆ, ವೀಸೊಕೊಯೆ ಎಂಬ ಹಳ್ಳಿಯಲ್ಲಿ, ಮೀನು ಹಿಡಿಯಲು ಹೊಳೆಗೆ ಅಡ್ಡ ಕಟ್ಟಿದ ಬೇಲಿಗೆ ದೇವಮಾತೆ ಬಂದು ನಿಂತಳಂತೆ. ತಾನೇ ತಾನಾಗಿ. ಒಬ್ಬ ಕುರುಡಿ ವಿಧವೆಗೆ ಕಣ್ಣು ಬಂತಂತೆ.

"ಮತ್ತೆ ನೀರಿಗೆ ತಳ್ಳಲಿಲ್ವಾ?" ಎಂದು ಕೇಳಿದೆ.

"ಏನ್ ಮಾತಾಡ್ತೀಯಪ್ಪಾ! ತಳ್ಳೋದು ಕಪ್ಪು ಹಿಡಿದ ಹಲಗೇನ. ಇವಳು ಹೇಗೆ ಹೊಳೀತಿದ್ಲು ಗೊತ್ತಾ? ನೀರು ಅವಳ ಮೈಗೆ ಅಂಟೇ ಇಲ್ಲ!"

ಮೂರನೆಯ ಸಲದ ಎಣ್ಣೆ. ಥೂ ನನ್ನ ಬುದ್ಧಿಗೆ! ಮೊದಲ ಊರಿನವರೇ ತಳ್ಳದ ಹಾಗೆ ನಾನೇ ಸಿಂಗರಿಸಿ ಕಳಿಸಿದ್ದೇನೆ.

ಮೇ 21

ಹೊಳೆ ಅವಳನ್ನು ಕೆಳಗೊಯ್ದಿತು. ಜನ ಮೇಲಕ್ಕೆ ತರುತ್ತಿದ್ದಾರೆ. ಊರಿಗೆ ಮೂರು ದಿನ ಇಟ್ಟು, ಪೂಜೆ ಮಾಡಿ, ಮುಂದಿನ ಊರಿಗೆ ಹೊತ್ತು. ಕೊನೆಗೆ ಇಲ್ಲಿಗೆ. ಇದು ದೇವರೇ ಕಳಿಸಿದ್ದು ಎಂದು ಗೆರ್ವಾಸಿ ಒಪ್ಪಬೇಕಲ್ಲ.

ಪಖೋಮನಿಗೆ ಖುಷಿಯೋ ಖುಷಿ. "ಇನ್ನು ಮನೆಮನೆಗೂ ಅವಳದೇ ಪ್ರತಿ ಬೇಕು ಅಂತಾರೆ ನೋಡ್ತಿರು. ಮೊಟ್ಟೆ ಇಡೋಕೆ ಊರ ಕೋಳಿ ಸಾಲಲ್ಲ!"

ಮೇ 30

ಹೊಳೆಯಾಚೆಯ ಹಳ್ಳಿಗೆ ಬಂದಿದ್ದಾಳೆ. ಗಂಟೆಯ ಸದ್ದು ಇಲ್ಲಿಗೇ ಕೇಳುತ್ತದೆ.

ಮಾವ್ರಾ ನನಗೆ ಹೇಳದೆ ದೋಣಿ ಹತ್ತಿ ಹೋಗಿ ಬಂದಳು. ಐನೂರು ಜನರ ಸಾಲಂತೆ. ಬಿಸಿಲಲ್ಲಿ ನಿಂತು, ಸರದಿ ಬಂದಾಗ ಮುತ್ತಿಟ್ಟು ಬಂದಿದ್ದಾಳೆ.

"ಬಣ್ಣ ಕೆಟ್ಟಿಲ್ಲ. ಎಲ್ಲರೂ ಗದ್ದಕ್ಕೆ ಮುತ್ತು ಕೊಡ್ತಾರೆ ರೀ. ಹಿಂದಿನಿಂದ ತಳ್ತಾರೆ. ನಾನು ನನ್ನ ಮಗಳ ಹತ್ರ ಒಂದು ಗಳಿಗೆ ನಿಲ್ಲೋ ಹಾಗಿಲ್ಲ."

ಬೈಯಬೇಕೆಂದಿದ್ದೆ. ಅತ್ತುಬಿಟ್ಟೆ.

ಜೂನ್ 3

ನಮ್ಮ ದೊಡ್ಡ ಚರ್ಚಿನಲ್ಲಿ ಇಟ್ಟಿದ್ದಾರೆ. ಯಾರು ಬರೆದದ್ದೆಂದು ಪರೀಕ್ಷಿಸಲು ನಮ್ಮಿಬ್ಬರನ್ನೇ ಕರೆಸಿದರು. ಊರಲ್ಲಿ ಬೇರೆ ಯಾರಿದ್ದಾರೆ?

ಗೆರ್ವಾಸಿ ದೀಪ ಹಿಡಿದರು. ಪಖೋಮ್ ಬಹಳ ಹೊತ್ತು ನೋಡಿದ. ಅವನು ಮುಖ ನೋಡುತ್ತಿರಲಿಲ್ಲ. ಭುಜದ ಹತ್ತಿರ ಬಗ್ಗಿ ಬಟ್ಟೆಯ ಮಡಿಕೆ ನೋಡುತ್ತಿದ್ದ. ಅವನ ಕಿವಿ ಕೆಂಪಾದವು.

"ಬೆಳಕು ಸಾಲದು ಗುರುಗಳೇ, ಎರಡು ದಿನ ಕೊಡಿ" ಎಂದೆ. ಕೊಟ್ಟರು.

ಹೊರಗೆ ಬಂದ ಮೇಲೆ ಪಖೋಮ್ ನನ್ನ ತೋಳು ಹಿಡಿದ. "ಮುಖ ಸ್ವರ್ಗದ್ದು. ಬಟ್ಟೆ ನಿಂದು. ಅಷ್ಟು ಕೆಟ್ಟದಾಗಿ ಮಡಿಕೆ ಬರೆಯೋನು ಈ ರಾಜ್ಯದಲ್ಲಿ ಇನ್ನೊಬ್ಬನಿಲ್ಲ. ಮುಠ್ಠಾಳ! ನನ್ನನ್ನ ಕರೆದಿದ್ರೆ ನಾನು ಬರೆದುಕೊಡ್ತಿರಲಿಲ್ವೇನೋ?"

"ಹೇಳಿಬಿಡ್ತೀಯಾ?"

"ನಾನಾಗಿ ಹೇಳಲ್ಲ. ಆದ್ರೆ ಶಿಲುಬೆ ಮುಟ್ಟಿಸಿ ಕೇಳಿದ್ರೆ ಸುಳ್ಳಾಡಲಾರೆ ಸಾವ್ವಾ. ಮಹಾಮಾರಿ ನಿನ್ನ ಮನೆಗೆ ಬಂತು, ನನ್ನ ಮೂರು ಮಕ್ಕಳನ್ನ ಬಿಟ್ಟು ಹೋಯ್ತು. ದೇವರಿಗೆ ಮತ್ತೆ ನನ್ನ ಮನೆ ನೆನಪು ಮಾಡೋ ಧೈರ್ಯ ನನಗಿಲ್ಲ."

ಅವನ ಮೇಲೆ ಸಿಟ್ಟು ಬರಲಿಲ್ಲ. ನಾನಾದರೂ ಇದನ್ನೇ ಹೇಳುತ್ತಿದ್ದೆ.

ಜೂನ್ 5

ಗೆರ್ವಾಸಿ ತಾವೇ ಕೊಟ್ಟಿಗೆಗೆ ಬಂದರು. ಒಬ್ಬರೇ. ನನ್ನ ಕುಂಚಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ನಿನ್ನ ಮಗಳನ್ನ ಮಣ್ಣು ಮಾಡಿದಾಗ ಪ್ರಾರ್ಥನೆ ಹೇಳಿದ್ದು ನಾನೇ ಅಲ್ವಾ ಸಾವ್ವಾ? ಮುಖ ನೆನಪಿದೆ ನನಗೆ."

ಕುಂಚ ಕೆಳಗಿಟ್ಟು ಮತ್ತೆ ಅವರೇ ಹೇಳಿದರು.

"ಹೊರಗೆ ಐದು ಸಾವಿರ ಜನ ಇದಾರೆ. ಅವರ ಕೈಯಿಂದ ಅವಳನ್ನ ಕಿತ್ತುಕೊಳ್ಳೋಕೆ ಸಿಪಾಯಿಗಳಿಗೇ ಎದೆ ಇಲ್ಲ. ಅದಕ್ಕೇ ಹೇಳ್ತೀನಿ ಕೇಳು. ಪಟ ಹಳೇದಾದ್ರೆ ಮೇಲೆ ಹೊಸದಾಗಿ ಬರೆಯೋದು ನಿಮ್ಮಲ್ಲಿ ಪದ್ಧತಿ ತಾನೇ? ಬರಿ. ಹಿರಿಯರ ರೀತೀಲಿ, ಒಣಗಿದ ಮುಖ, ಕಪ್ಪು ಮುಖ. ಯಾರು ಬರೆದಿದ್ದು ಅಂತ ನಾನು ಕೇಳಲ್ಲ. ಒಂದೇ ಮಾತು — ಮೊದಲು ಆ ಕಣ್ಣು ಕೆರೆದು ತೆಗೀಬೇಕು. ನನ್ನೆದುರಿಗೆ. ನಿನ್ನ ಕೈಯಲ್ಲೇ."

ಮಾವ್ರಾಳಿಗೆ ಹೇಳಿದೆ. ಊಟ ಬಡಿಸಿದಳು, ತಾನು ಉಣ್ಣಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು.

"ಎಣ್ಣೆ ಎಷ್ಟು ದಪ್ಪ ಇದೆ?"

ಅವಳ ಮುಖವನ್ನೇ ನೋಡಿದೆ. ಇಪ್ಪತ್ತೆರಡು ವರ್ಷ ಈ ಕಸಬು ಮಾಡಿದವನು ನಾನು. ಹೊಳೆದದ್ದು ಅವಳಿಗೆ.

ಜೂನ್ 7

ಆಯಿತು. ಬಾಗಿಲು ಹಾಕಿದ ಚರ್ಚು. ಗೆರ್ವಾಸಿ ದೀಪ ಹಿಡಿದು ಪಕ್ಕದಲ್ಲಿ. ಕೆರೆಯುವ ಚೂರಿ ನನ್ನ ಕೈಯಲ್ಲಿ. ಎಡಗಣ್ಣಿನಿಂದ ಶುರು ಮಾಡಿದೆ. ಮೂರನೆಯ ಎಣ್ಣೆ ಹೋಯಿತು. ಎರಡನೆಯದು ಹೋಯಿತು. ಪುಡಿ ಉದುರುತ್ತಿತ್ತು, ಜೇನಿನ ಬಣ್ಣ. ಎಣ್ಣೆಯ ಪುಡಿ ಹಾಗೇ ಇರುವುದು. ಕಣ್ಣಿನ ಬಣ್ಣಕ್ಕೆ ತಾಗಿದ್ದರೆ ಕಪ್ಪು ಬರಬೇಕಿತ್ತು. ಪಾದ್ರಿಗೆ ಏನು ಗೊತ್ತು? ಕೆರೆದ ಜಾಗ ಮಂಕಾಗಿ, ಪೊರೆ ಬಂದ ಕಣ್ಣಿನಂತಾಯಿತು. "ಹೋಯ್ತಾ?" ಎಂದರು. "ಹೋಯ್ತು" ಎಂದೆ. ಒಂದು ಕೂದಲೆಳೆಯಷ್ಟು ಎಣ್ಣೆ ಉಳಿದಿತ್ತು, ಅದರ ಕೆಳಗೆ ಅವಳು.

ಬಲಗಣ್ಣೂ ಹಾಗೆಯೇ. ಆಮೇಲೆ ಮೇಲೆ ಬರೆದೆ. ಕಂದು, ಕಪ್ಪು, ಒಣ ಕೆನ್ನೆ. ನಮ್ಮ ಆಚೆ ಎಲ್ಲೋ ನೋಡುವ ಕಣ್ಣು. ಚೆನ್ನಾಗಿಯೇ ಬಂತು, ಸುಳ್ಳೇಕೆ ಹೇಳಲಿ.

ಹೊರಡುವಾಗ ಗೆರ್ವಾಸಿ ನೆಲದ ಪುಡಿಯನ್ನು ಬೆರಳಲ್ಲಿ ಒತ್ತಿ ಎತ್ತಿಕೊಂಡರು. ಕಾಗದದಲ್ಲಿ ಮಡಿಸಿಟ್ಟರು.

"ಪವಿತ್ರವಾದದ್ದು. ಕಾಲಡಿ ಬೀಳಬಾರದು" ಎಂದರು.

ಜೂನ್ 10

ಅವಳನ್ನು ಹೊತ್ತು ವೀಸೊಕೊಯೆಗೆ ಹೊರಟರು. ಕಪ್ಪಾದ ಮುಖ ಕಂಡು ಜನ ಗಲಾಟೆ ಮಾಡುತ್ತಾರೆಂದು ಹೆದರಿದ್ದೆ. ಹಾಗಾಗಲಿಲ್ಲ. "ನಮ್ಮ ಪಾಪ ಹೊತ್ತು ಕಪ್ಪಾದ್ಲು ತಾಯಿ!" ಎಂದು ಮುದುಕಿಯೊಬ್ಬಳು ಅತ್ತಳು. ಎಲ್ಲರೂ ಅತ್ತರು. ದಡದವರೆಗೂ ಮಾವ್ರಾ ಹೋದಳು.

ಇನ್ನು ಯಾರೂ ಅವಳನ್ನು ಮುಟ್ಟಲಾರರು. ಕಪ್ಪಿನ ಕೆಳಗೆ ಕಣ್ಣು ತೆರೆದೇ ಇದೆ.

ಜೂನ್ 11

ಮಧ್ಯಾಹ್ನ ಪಖೋಮನನ್ನು ಚರ್ಚಿಗೆ ಕರೆಸಿಕೊಂಡರು. ಕೆಲಸಕ್ಕೆ ಮರಳಿ ಬರಲಿಲ್ಲ. ಸಂಜೆ ಅವನ ಹೆಂಡತಿ ಬೇಲಿಯ ಹತ್ತಿರ ನಿಂತು, ನನ್ನ ಮುಖ ನೋಡದೆ ಹೇಳಿದಳು.

"ಶಿಲುಬೆ ಮುಟ್ಟಿಸಿದ್ರಂತೆ. ಕೇಳಿದ್ದು ಒಂದೇ. ಕಣ್ಣು ಕೆರೆದ್ರೆ ಪುಡಿ ಯಾವ ಬಣ್ಣ ಬರತ್ತೆ ಅಂತ."

"ಏನಂದ?"

"ಒಳಗೆ ಮಲಗಿದಾರೆ. ಗೋಡೆ ಕಡೆ ತಿರುಗಿ ಅಳ್ತಿದಾರೆ ಅಣ್ಣಾ."

ಜೂನ್ 12, ಬೆಳಿಗ್ಗೆ

ಅಕ್ಷರ ಸೊಟ್ಟ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯನ್ನು ಮಾವ್ರಾ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾಳೆ. ಎದ್ದಾಗಿನಿಂದ ಬಿಟ್ಟಿಲ್ಲ. ಬಿಡು, ನೀರು ಕುಡಿಯಬೇಕು ಎಂದೆ. ತಾನೇ ಕುಡಿಸಿದಳು.

ಇರಲಿ. ಎಡಗೈಗೂ ರೂಢಿಯಾಗಬೇಕಲ್ಲ.

ಭಯವಿದೆ. ಆದರೆ ಅವಳು ಈ ಹೊತ್ತಿಗೆ ಮೂರು ಹರದಾರಿ ದಾಟಿರುತ್ತಾಳೆ. ಸಾವಿರಾರು ಜನರ ನಡುವೆ. ಅವರಿಗೆ ಕೀಳಲು ಇಲ್ಲಿ ಉಳಿದದ್ದು ಈ ಕೈಯೊಂದೇ.

ಹನ್ನೊಂದು ಮೊಟ್ಟೆ ಬಟ್ಟಲಲ್ಲಿ ಒಡೆಯದೆ ಇವೆ. ದೊಡ್ಡ ಉಪವಾಸ ಮುಗಿದು ಬಹಳ ದಿನವಾಯಿತು, ಬೇಯಿಸಿ ತಿನ್ನು ಎಂದೆ ಮಾವ್ರಾಳಿಗೆ.

ಅಂಗಳದಲ್ಲಿ ನಾಯಿ ಬೊಗಳುತ್ತಿದೆ. ಪಖೋಮನ ಹೆಜ್ಜೆ, ನನಗೆ ಗೊತ್ತು. ಅವನಿಗೆ ನಾಯಿ ಬೊಗಳುವುದಿಲ್ಲ. ಅವನ ಹಿಂದೆ ಇನ್ನೂ ಹೆಜ್ಜೆಗಳು, ಸಿಪಾಯಿಗಳ —