ಎತ್ತರ ಒಗ್ಗದವರು

ಮಾರ್ಚ್ 3, ಬೆಳಿಗ್ಗೆ 6

ಮೈನಸ್ ನಾಲ್ಕು. ಗಾಳಿ ವಾಯವ್ಯದಿಂದ. ವೈರ್‌ಲೆಸ್ಸಿನಲ್ಲಿ ಕೆಳಗಿನ ಆಫೀಸಿಗೆ ಓದಿ ಹೇಳಿದೆ. ಆಮೇಲೆ ಟೀ, ಒಬ್ಬನೇ. ಈ ಹವಾಮಾನ ಕೇಂದ್ರದಲ್ಲಿ ಹನ್ನೊಂದನೇ ವರ್ಷ. ನಾಲ್ಕು ಸಾವಿರ ಮೀಟರ್ ಎತ್ತರ — ಒಂದು ದಿನವೂ ತಲೆ ನೋಯಲಿಲ್ಲ. ಗಟ್ಟಿ ಪಿಂಡ!

ಪುಟ್ಟಿ ಫೋನ್ ಮಾಡಿದ್ದಳು. ಪರೀಕ್ಷೆ ಮುಗಿಯಿತಂತೆ, ಬರುತ್ತಾಳಂತೆ. ಮಗಳು ಇಲ್ಲಿಗೆ ಬರುವುದು ಇದೇ ಮೊದಲು. ಇನ್ನೊಂದು ಹಾಸಿಗೆ ಬಿಸಿಲಿಗೆ ಹಾಕಿದೆ.

ಮಾರ್ಚ್ 9

ಡಾಕ್ಟರ್ ಬಂದಿದ್ದರು. ಎತ್ತರದ ಕಾಯಿಲೆ ಕೆಲವರಿಗೇ ಯಾಕೆ ಬರುತ್ತದೆ ಅಂತ ಅವರ ಸಂಶೋಧನೆ. ಹೋದ ವರ್ಷ ನನ್ನ ರಕ್ತ ಒಯ್ದಿದ್ದರು.

"ನಿಮಗೆ ಒಗ್ಗಿದೆ, ಪುಣ್ಯವಂತರು ಕಣ್ರೀ. ಕೆಲವರಿಗೆ ಹುಟ್ಟಿನಿಂದಲೇ ಒಗ್ಗಲ್ಲ, ವಂಶದಲ್ಲೂ ಬರಬಹುದು. ಅದು ಅವರ ತಪ್ಪಲ್ಲ."

ಹಲ್ಲು ಕಿರಿದೆ. ಅವರು ಹೋದ ಮೇಲೆ ಕೂತುಬಿಟ್ಟೆ.

ಅವಳು, ಪುಟ್ಟಿಯ ಅಮ್ಮ, ಇಲ್ಲಿಗೆ ಎರಡು ಸಲ ಬಂದಿದ್ದಳು. ಎರಡು ಸಲವೂ ತಲೆನೋವು, ವಾಂತಿ. "ಇರೋಕೆ ಇಷ್ಟ ಇಲ್ಲ ಅನ್ನು, ನಾಟಕ ಯಾಕೆ?" ಅಂದಿದ್ದೆ. ಮನೆಗೆ ಹೋದಾಗ ಮಗಳೆದುರೂ ಅದನ್ನೇ ಆಡಿ ನಕ್ಕಿದ್ದೆ. ಮೂರನೇ ಸಲ ಅವಳು ಬರಲಿಲ್ಲ. ಆಮೇಲೆ ಸಂಸಾರವೇ ಬೇಡ ಅಂದಳು. ಮಾತು ಆಡಿದರೆ ಹೋಯಿತು...

ಪುಟ್ಟಿಗೆ ಯಾರ ಮೈ ಬಂದಿದೆಯೋ. ಬರಬೇಡ ಅನ್ನಬೇಕು. ಫೋನ್ ಎತ್ತಿಕೊಂಡೆ. ಇಟ್ಟೆ. ಅವಳು ಬಿಟ್ಟ ಮೇಲೆ ನನ್ನವರು ಅಂತ ಇವಳೊಬ್ಬಳು ಬರುತ್ತಿದ್ದಾಳೆ.

ಮಾರ್ಚ್ 17

ಬಂದಳು! ಮೂಗು ನನ್ನದೇ. ಮಾತಿನ ಮಲ್ಲಿ, ಗಾಳಿ ಅಳೆಯುವ ಯಂತ್ರಕ್ಕೂ ಹೆಸರಿಟ್ಟಳು. ಸಂಜೆ ಊಟ ಬೇಡ ಅಂದಳು.

"ತಲೆನೋವೇನೇ?"

"ಇಲ್ಲಪ್ಪ, ಆರಾಮಿದೀನಿ."

ನಂಬಿದೆ. ನಂಬುವುದೇ ಬೇಕಿತ್ತು ನನಗೆ.

ಮಾರ್ಚ್ 18, ಬೆಳಿಗ್ಗೆ 7

ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದಾಳೆ. ವಾಂತಿ. ಕಾಲು ತೊಡರುತ್ತಿದೆ.

"ಅಯ್ಯೋ, ಯಾಕೆ ಹೇಳಲಿಲ್ಲೇ?"

"ನೀನು ನಾಟಕ ಅಂತೀಯ ಅಂತ..."

ಆಕ್ಸಿಜನ್ ಹಾಕಿದೆ. ಜೀಪು ಬರುತ್ತಿದೆ. ರೀಡಿಂಗ್ ತಪ್ಪಿದರೆ ತಪ್ಪಲಿ.

ಮಾರ್ಚ್ 21

ಕೆಳಗೆ, ಆಸ್ಪತ್ರೆ. ಪುಟ್ಟಿ ಇವತ್ತು ಎದ್ದು ಕೂತಳು, ಗಂಜಿ ಕುಡಿದಳು. ಅವಳಮ್ಮ ಬಂದಿದ್ದಾಳೆ. ಕಾರಿಡಾರಿನಲ್ಲಿ ಎದುರಾದಳು.

"ನಂದೇ ತಪ್ಪು. ಆಗ ನಿನಗೂ..." ಅಂದೆ.

"ಮಗಳು ಮಾಡಿದ್ರೆ ಕಾಯಿಲೆ, ನಾನು ಮಾಡಿದ್ರೆ ನಾಟಕ. ಅಲ್ವಾ?"

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮಾರ್ಚ್ 23, ಬೆಳಿಗ್ಗೆ 6

ಮೈನಸ್ ಎರಡು. ಗಾಳಿ ಇಲ್ಲ. ಓದಿ ಹೇಳಿದೆ. ಇನ್ನೊಂದು ಹಾಸಿಗೆ ಸುತ್ತಿಟ್ಟೆ. ತಲೆನೋವಿಲ್ಲ. ಉಸಿರು ಸರಾಗ. ಎಷ್ಟು ವರ್ಷ ಬೇಕಾದರೂ ಇಲ್ಲಿ ನಾನೊಬ್ಬನೇ ಇರಬಲ್ಲೆ.