ಗುಂಡು ತಾಕಿದ ಮೇಲೆ

27 ಮಾರ್ಚ್ 2007, ಬಾಕ್ಸ್ ಹಿಲ್

ಎಕ್ಸ್-ರೇ ಶಿಫ್ಟ್ ಮುಗಿಸಿ ನೇರ ಶೂಟಿಂಗ್ ರೇಂಜ್‌ಗೆ. ಭುಜ ಇವತ್ತೂ ಕೆಂಪಾಗಿದೆ. ಥ್ರೀ ತರ್ಟಿ ಎಯ್ಟ್ ರೈಫಲ್ ಒದೆಯುವುದೇ ಹಾಗೆ. ಹೆಂಗಸಿಗೆ ಇಷ್ಟು ದೊಡ್ಡ ಗನ್ ಯಾಕೆ ಎಂದು ಪಕ್ಕದವನು ಕೇಳಿದ. ಅವನ ಟಾರ್ಗೆಟ್ ನೋಡಿ ನಕ್ಕೆ, ಅಷ್ಟೇ.

ಮನೆಯಲ್ಲಿ ಗಂಡ ಅಮೃತ್‌ನದು ಅದೇ ರಾಗ. ಲಿಂಗಾಯತರ ಸೊಸೆ ಬೇಟೆಗೆ ಹೋಗುತ್ತಾಳೆಂದು ಸಿಡ್ನಿಯಲ್ಲಿ ಗೊತ್ತಾದರೆ? ಭಾನುವಾರ ಅಲ್ಲಿನ ಕೆಲ್ಲಿವಿಲ್‌ನಲ್ಲಿ ಅವನ ಅಣ್ಣನ ಹೊಸ ಮನೆಯ ಗೃಹಪ್ರವೇಶ. ಬೇಟೆ ಮುಗಿಸಿ ಶನಿವಾರ ಸಂಜೆಯ ಫ್ಲೈಟ್‌ಗೆ ಬಂದೇ ಬರುತ್ತೇನೆ ಎಂದೆ. ಧಾರವಾಡದಿಂದ ಬಂದಿರುವ ಅತ್ತೆ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

30 ಮಾರ್ಚ್, ಸಂಜೆ

ಗ್ರ್ಯಾಂಪಿಯನ್ಸ್ ಬೆಟ್ಟದ ಬುಡ. ಗ್ಲೆನಿಸ್‌ಳ ತಮ್ಮನ ಫಾರ್ಮ್. ನಮ್ಮ ಆಸ್ಪತ್ರೆಯಿಂದ ರಿಟೈರ್ ಆದ ನರ್ಸ್ ಅವಳು, ನನಗೆ ಬೇಟೆ ಕಲಿಸಿದವಳು. ಬೆದೆಗಾಲ. ಗಂಡು ಜಿಂಕೆಗಳು — ಇಲ್ಲಿಯವರ ರೆಡ್ ಸ್ಟ್ಯಾಗ್ — ಕಣಿವೆ ತುಂಬ ಗರ್ಜಿಸುತ್ತಿವೆ. ಯಾರ ಅಪ್ಪಣೆಯೂ ಬೇಕಿಲ್ಲದ ದನಿ. ಕೇಳುತ್ತ ಟೀ ಆರಿಹೋಯಿತು.

31 ಮಾರ್ಚ್

ಬೆಳಕು ಹರಿಯುವಾಗ ಒಂದು ಗಂಡು ಬಯಲಿಗೆ ಬಂತು. ಮೈಗೆಲ್ಲ ಕೆಸರು, ಕೊಂಬಿಗೆ ಸಿಕ್ಕಿಕೊಂಡ ಹುಲ್ಲು. ಹೆಣ್ಣುಗಳ ಹಿಂದೆ ಸುತ್ತುತ್ತ ನಿಲ್ಲಲೇ ಇಲ್ಲ. ಗ್ಲೆನಿಸ್ ಕಾಯು ಎಂದಳು. ಕಾಯಲಿಲ್ಲ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿತ್ತು. ಕುಸಿಯಿತು, ಎದ್ದಿತು, ಕಮರಿಗೆ ಇಳಿದುಹೋಯಿತು.

ದೊಡ್ಡ ರೈಫಲ್ ಎಲ್ಲ ತಪ್ಪನ್ನೂ ಮುಚ್ಚುತ್ತದೆ ಎಂದುಕೊಂಡಿದ್ದೆ.

ಇಡೀ ದಿನ ರಕ್ತದ ಜಾಡು ಹಿಡಿದು ಅಲೆದೆವು. ಕಲ್ಲಿನ ಮೇಲೆ, ಎಲೆಯ ಮೇಲೆ... ಆಮೇಲೆ ಏನೂ ಇಲ್ಲ. ಗುಡ್ಡ ಹತ್ತಿ, ಸಿಗ್ನಲ್ ಸಿಕ್ಕಲ್ಲಿ ನಿಂತು ಅಮೃತ್‌ಗೆ ಫೋನ್. ಫ್ಲೈಟ್‌ಗೆ ಬರಲಾಗದು ಎಂದೆ.

"ಒಂದ್ ಪ್ರಾಣಿ ಸಲುವಾಗಿ ಅಣ್ಣನ ಮನಿ ಫಂಕ್ಷನ್ ಬಿಡ್ತಿಯೇನು?"

"ಹೊಡೆದವಳು ನಾನು. ಅದು ಎಲ್ಲೋ ನರಳ್ತಾ ಬಿದ್ದಿದೆ. ಬಿಟ್ಟು ಬರಲ್ಲ."

"ಹಂಗಾದ್ರ ಗನ್ ಬೇಕೋ, ನಾ ಬೇಕೋ, ಡಿಸೈಡ್ ಮಾಡು." ಕಟ್ ಮಾಡಿದ.

1 ಏಪ್ರಿಲ್

ಸಿಕ್ಕಿತು. ತೊರೆಯ ಪಕ್ಕದ ಕೆಸರಿನಲ್ಲಿ. ಇನ್ನೂ ಉಸಿರಿತ್ತು. ನನ್ನನ್ನು ಕಂಡು ಏಳಲು ಹೋಯಿತು... ಮುಂಗಾಲು ಮಾತ್ರ ಎದ್ದವು. ಹತ್ತಿರದಿಂದ ಹೊಡೆದೆ. ಕೆಲ್ಲಿವಿಲ್‌ನಲ್ಲಿ ಹಾಲು ಉಕ್ಕಿಸುವ ಹೊತ್ತು.

ಗ್ಲೆನಿಸ್ ಬೆನ್ನು ತಟ್ಟಲು ಬಂದಳು. ಬೇಡ ಎಂದೆ. ಮಾಂಸ ಫಾರ್ಮಿನವರಿಗೆ. ಕೊಂಬು ತರಲಿಲ್ಲ.

4 ಏಪ್ರಿಲ್

ಅಮೃತ್, ಅತ್ತೆ ಇಬ್ಬರೂ ಸಿಡ್ನಿಯಿಂದ ವಾಪಸ್. ಅಮೃತ್ ಬ್ಯಾಗ್ ಇಡುವ ಮೊದಲೇ ಹೇಳಿಬಿಟ್ಟೆ. ಗನ್ ಮಾರುವುದಿಲ್ಲ. ಮನೆ ಬಿಟ್ಟೂ ಹೋಗುವುದಿಲ್ಲ. ಭಾವನಿಗೆ ನಾನೇ ಫೋನ್ ಮಾಡಿ ನಿಜ ಹೇಳಿದ್ದೇನೆ. ಅಮೃತ್ ಕಾರ್ ಕೀ ಎತ್ತಿಕೊಂಡು ಹೊರಗೆ ಹೋದ.

ಅತ್ತೆ ಪಕ್ಕದಲ್ಲಿ ಕೂತರು.

"ರಾತ್ರಿ ಪೂರ್ತಿ ಅದಕ ಜೀವ ಇತ್ತೇನವಾ?"

ಇತ್ತು ಎಂದೆ.

"ನೀ ಹುಡುಕದ ಬಂದಿದ್ರ, ಇನ್ನೂ ನರಳತಿತ್ತು."

ಬೈದರೋ, ಒಪ್ಪಿದರೋ... ತಿಳಿಯಲಿಲ್ಲ. ಕೇಳಲೂ ಇಲ್ಲ.

8 ಏಪ್ರಿಲ್

ಅಮೃತ್ ಈಗಷ್ಟೇ ಬಾಗಿಲಲ್ಲಿ ನಿಂತು ಕೇಳಿದ, ಬರುವ ವರ್ಷವೂ ಹೋಗುತ್ತೀಯಾ ಎಂದು. ಹೋಗುತ್ತೇನೆ ಎಂದೆ. ಪೆನ್ ಕೆಳಗಿಡಲಿಲ್ಲ. ಇನ್ನೂ ಅಲ್ಲೇ ಇದ್ದಾನೆ. ಕುರ್ಚಿ ಎಳೆದುಕೊಂಡ. ಅಲ್ಲಿ ಏನಾತು ಹೇಳು, ಅನ್ನುತ್ತಿದ್ದಾನೆ. ಎಲ್ಲವನ್ನೂ ಹೇಳಬೇಕು. ಕಾಯದೆ ಹೊಡೆದದ್ದನ್ನೂ —