ಕಲಿಸುವವಳ ಅರ್ಜಿ

ಮಂಗಳವಾರ, ಜುಲೈ ೯

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಓದು. ಎರಡು ಸಲ ಶುರು ಮಾಡಿದ್ದೆ. ಒಂದರ ಮೇಲೆ ಪುಟ್ಟಿ ಹಾಲು ಕಕ್ಕಿದಳು, ಇನ್ನೊಂದನ್ನು ಇವರು ಅಂಗಡಿ ಚೀಟಿ ಅಂದುಕೊಂಡು ಜೇಬಿಗಿಳಿಸಿ ಹೋದರು. ನಾವು ಚೆನ್ನಾಗಿದ್ದೇವೆ. ಅಂದರೆ ಪುಟ್ಟಿ ಚೆನ್ನಾಗಿದ್ದಾಳೆ, ನಾನು ಎಚ್ಚರವಾಗಿದ್ದೇನೆ. ಒಂದೇ ಸಮನೆ ಮೂರು ಗಂಟೆ ನಿದ್ದೆ ಮಾಡಿ ಐದು ತಿಂಗಳಾಯಿತು. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಬೆರಳು ತಣ್ಣಗಿದ್ದರೆ ಅವಳಿಗೆ ಎಚ್ಚರ. "ನೀನು ಸುಮ್ನೆ ಬಿಟ್ರೆ ಅವಳೂ ಮಲಗ್ತಾಳೆ, ನಾನೂ ಮಲಗ್ತೀನಿ" ಅನ್ನುತ್ತಾರೆ ಇವರು.

ಅಮ್ಮ ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗುತ್ತಾಳೆ ಎಂದು ಬರೆದಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ.

ನನ್ನ ಸುದ್ದಿ ಹೇಳುತ್ತೇನೆ. ವಯಸ್ಸಾದವರನ್ನು ನೋಡಿಕೊಳ್ಳುವ ಆಯಾಗಳಿಗೆ ತರಬೇತಿ ಕೊಡುವ ಶಾಲೆಯಲ್ಲಿ ಕಲಿಸುವವರು ಬೇಕಾಗಿದ್ದಾರೆ. ಹಗಲು ಕೆಲಸ, ರಾತ್ರಿ ಪಾಳಿ ಇಲ್ಲ, ಪಕ್ಕದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೋಣೆ. ನನಗೆಂದೇ ಹೇಳಿ ಮಾಡಿಸಿದ ಹಾಗಿದೆ. ಆದರೆ ಈಗ ನಿಯಮ ಬಿಗಿಯಾಗಿದೆ. ಮೊದಲಿನ ಹಾಗೆ ಬಿಡುವಾಗಿ ಸಿಕ್ಕ ನರ್ಸನ್ನು ಕರೆದು "ಸ್ವಲ್ಪ ಹೇಳಿಕೊಡಿ" ಅನ್ನುವಂತಿಲ್ಲ. ನರ್ಸಾಗಿ ಎರಡು ವರ್ಷ ದುಡಿದಿರಬೇಕು, ಅದರಲ್ಲಿ ಒಂದು ವರ್ಷ ವೃದ್ಧಾಶ್ರಮದಲ್ಲಿ ಕಳೆದಿರಬೇಕು. ದೊಡ್ಡವರಿಗೆ ಕಲಿಸುವುದು ಹೇಗೆ ಅನ್ನುವ ತರಬೇತಿ ಬೇರೆ ಮುಗಿಸಬೇಕು. ಕೊನೆಗೆ ಪರೀಕ್ಷಕಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಒಬ್ಬೊಬ್ಬಳೂ ತನ್ನ ಕೈಯಾರೆ ಮಾಡಿದ್ದನ್ನು ಕಣ್ಣಾರೆ ನೋಡದೆ ಯಾರ ತರಬೇತಿ ಹಾಳೆಗೂ ಸಹಿ ಹಾಕಕೂಡದು. ತರಬೇತಿಯಲ್ಲಿ ಈ ಮಾತನ್ನು ಅದೆಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಶುಕ್ರವಾರ ನನ್ನ ಪಾಠವಿತ್ತು. ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸುವ ಪಾಠ. ಹನ್ನೊಂದು ಜನ ಕಲಿಯುವವರು, ಅವರಲ್ಲೊಬ್ಬಳು ಕಿಲಕಿಲ ನಗುವವಳು. ಅವಳನ್ನೇ ಅಜ್ಜಿ ಮಾಡಿ ಮಲಗಿಸಿದೆ. "ನಂಗೆ ಎಂಬತ್ತೆರಡು, ಮೇಡಂ, ಮೆಲ್ಲಗೆ ಎತ್ತಿ" ಅಂದಳು. ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾ ಮಾಡಿ ತೋರಿಸಿದೆ. ಚಪ್ಪಲಿ, ಪಾದದ ಹಲಗೆ ಮೇಲಕ್ಕೆ, ಚಕ್ರಕ್ಕೆ ಬ್ರೇಕು, ಸೊಂಟಕ್ಕೆ ಪಟ್ಟಿ, ಒಂದು ಎರಡು ಮೂರು. ಚೆನ್ನಾಗೇ ಆಯಿತು ಅಂದುಕೊಂಡೆ.

ಆಮೇಲೆ ಅವರ ಸರದಿ. ಮೊದಲನೆಯವಳು ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿ, ತಬ್ಬಿಕೊಂಡು, ಬೆನ್ನು ತಟ್ಟುತ್ತಾ ಆಚೆ ಈಚೆ ತೂಗಿದಳು. ಎರಡನೆಯವಳೂ ತೂಗಿದಳು. ಮೂರನೆಯವಳು "ಹ್ಞೂಂ ಹ್ಞೂಂ" ಅಂತ ರಾಗವನ್ನೂ ಸೇರಿಸಿದಳು. ಇದೇನಮ್ಮಾ ಎಂದು ಕೇಳಿದೆ. "ನೀವು ಮಾಡಿದ್ರಲ್ಲ ಮೇಡಂ" ಎಂದಳು. ಅಕ್ಕಾ, ಗೊತ್ತೇ ಇಲ್ಲದೆ ಆ ಹುಡುಗಿಯನ್ನು ಪುಟ್ಟಿಯ ಹಾಗೆ ತಟ್ಟಿ ತೂಗಿದ್ದೇನೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಪರೀಕ್ಷಕಿ ಮಾತ್ರ ನಗಲಿಲ್ಲ. ಐದನೆಯವಳು ಕೂರಿಸುವಾಗ ಕುರ್ಚಿ ಹಿಂದಕ್ಕೆ ಜಾರಿತು. ನಾನು ಹಾರಿ ಹಿಡಿದುಕೊಂಡೆ, ಯಾರಿಗೂ ಏನೂ ಆಗಲಿಲ್ಲ. ಬ್ರೇಕ್ ಹಾಕಿರಲಿಲ್ಲ. ಅವಳಷ್ಟೇ ಅಲ್ಲ, ಅವಳಿಗಿಂತ ಮೊದಲಿನ ನಾಲ್ವರೂ ಹಾಕಿರಲಿಲ್ಲ. ಎಲ್ಲರೂ "ಚಕ್ರಕ್ಕೆ ಬ್ರೇಕು" ಎಂದು ಗಟ್ಟಿಯಾಗಿ ಹೇಳಿ, ಸೊಂಟದ ಪಟ್ಟಿಗೆ ಕೈ ಹಾಕಿದ್ದರು.

ಪಾಠ ಮುಗಿದ ಮೇಲೆ ಪರೀಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು. "ನಿಮ್ಮ ಬಾಯಿ ಬ್ರೇಕ್ ಹಾಕ್ತು, ಕೈ ಹಾಕ್ಲಿಲ್ಲ. ಅವ್ರು ನೋಡೋದು ಕೈನ" ಅಂದರು. ಬೈಯುವ ಧ್ವನಿ ಅಲ್ಲ. "ಮಗು ಎಷ್ಟು ತಿಂಗಳು?" ಎಂದು ಕೇಳಿದರು. ಹೇಳಿದೆ. "ನಿದ್ದೆಗೆಟ್ಟಿದೀರ. ಆದ್ರೆ ಇದು ಇವತ್ತಿನ ನಿದ್ದೆಗೇಡಲ್ಲ, ಹಳೇ ಅಭ್ಯಾಸ. ಯೋಚ್ನೆ ಮಾಡಿ ನೋಡಿ. ಮುಂದಿನ ಗುರುವಾರ ಇನ್ನೊಂದು ಸಲ ಬನ್ನಿ" ಎಂದರು. ಹೊರಡುವಾಗ ಬಾಗಿಲವರೆಗೆ ಬಂದು ಮಗುವಿನ ಚೀಲವನ್ನು ನನ್ನ ಹೆಗಲಿಗೆ ಏರಿಸಿದರು.

ಯೋಚನೆ ಮಾಡಿದೆ, ಅಕ್ಕಾ. ಅವರು ಹೇಳಿದ್ದು ನಿಜ. ನನಗೆ ಚೇರನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿ ಹಿಡಿಯುವ ಅಭ್ಯಾಸ. ಬ್ರೇಕ್ ಮುಟ್ಟುವುದೇ ಇಲ್ಲ. ಎತ್ತರದವಳು, ಬಲ ಇದೆ, ನಡೆದುಹೋಗುತ್ತದೆ. ನನ್ನ ಮೊಣಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಗುರುವಾರಕ್ಕೆ ಮುಂಚೆ ಅರ್ಜಿ ಪೂರ್ತಿ ಮಾಡಿ ಕೊಡಬೇಕು. ಎಲ್ಲ ತುಂಬಿಸಿದ್ದೇನೆ, ಒಂದು ಕಾಲಂ ಬಿಟ್ಟು. "ಈ ಹಿಂದೆ ತಾವು ಕಲಿಸಿದವರ ಕೈಯಲ್ಲಿ ಯಾರಿಗಾದರೂ ಪೆಟ್ಟಾಗಿದೆಯೇ? ಆಗಿದ್ದಲ್ಲಿ ವಿವರ." ನಾಲ್ಕು ದಿನದಿಂದ ಅದು ಹಾಗೇ ಇದೆ. "'ಇಲ್ಲ' ಅಂತ ಬರೆದು ಕಳ್ಸೇ, ಎರಡಕ್ಷರಕ್ಕೆ ಇಷ್ಟೊಂದು ಯೋಚ್ನೆನಾ?" ಎಂದು ಇವರು ಕೇಳಿದರು. ನಿದ್ದೆ ಬರದಿರುವುದು ಪೂರ್ತಿ ಪುಟ್ಟಿಯಿಂದಲ್ಲ ಅಂತ ಅವರಿಗೆ ಗೊತ್ತಿಲ್ಲ.

ಭಾವನಿಗೆ ಕೆಮ್ಮು ಕಡಿಮೆಯಾಯಿತೇ? ಚಿಕ್ಕವನು ಹಲ್ಲು ಬಿದ್ದ ಫೋಟೋ ಕಳಿಸುತ್ತೇನೆಂದು ಬರೆದಿದ್ದ, ಕಾಯುತ್ತಿದ್ದೇನೆ. ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನ್ನ ಹಾರೈಕೆ ಪುಟ್ಟಿಯ ಮೇಲಿರಲಿ, ಉಳಿದದ್ದು ನನ್ನ ಮೇಲೂ ಒಂದಿಷ್ಟು.

ನಿನ್ನ ತಂಗಿ

ತಾ.ಕ.: ಅಮ್ಮನಿಗೆ ಕಾಗದ ಓದಿ ಹೇಳುವಾಗ ಇದನ್ನು ಬಿಟ್ಟುಬಿಡು. ಹೋದ ವರ್ಷ ಮಂಡಿ ಆಪರೇಷನ್ ಆದ ಮೇಲೆ ಅಮ್ಮನನ್ನು ನಾನು ಕೆಲಸ ಮಾಡುತ್ತಿದ್ದ ವೃದ್ಧಾಶ್ರಮದಲ್ಲೇ ಇಟ್ಟಿದ್ದೆವಲ್ಲ, ಅಲ್ಲಿ ಚೇರ್ ಜಾರಿ ಬಿದ್ದು ಸೊಂಟ ಮುರಿದುಕೊಂಡಳಲ್ಲ. ನೀನು ದೂರು ಬರೆದೆ, ಮೂರೇ ದಿನದಲ್ಲಿ ಆ ಆಯಾ ಹುಡುಗಿಯನ್ನು ತೆಗೆದುಹಾಕಿದರು. ಅವಳಿಗೆ ಕಲಿಸಿದವಳು ನಾನು, ಅಕ್ಕಾ. ಕಲಿಸುವವರು ರಜೆಯಲ್ಲಿದ್ದಾರೆ, ನೀವೇ ಮುಗಿಸಿ ಎಂದು ಮೇಲಿನವರು ಹೇಳಿದ್ದರು. ಅರ್ಧ ದಿನ, ಹದಿನೆಂಟು ಜನ. ನಾನು ಒಂದೇ ಸಲ ಮಾಡಿ ತೋರಿಸಿದೆ. ಅವರಲ್ಲಿ ಒಬ್ಬಳು ಮಾಡಿದ್ದನ್ನೂ ನೋಡದೆ ಹದಿನೆಂಟು ಹಾಳೆಗೂ ಸಹಿ ಹಾಕಿದೆ. ವಿಚಾರಣೆಯಲ್ಲಿ ಅವಳು "ಮೇಡಂ ತೋರ್ಸಿದ ಹಾಗೇ ಮಾಡಿದೆ" ಎಂದಳು. ಯಾವ ಮೇಡಂ ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು, ನನ್ನ ಹೊಟ್ಟೆ ನೋಡಿದಳು, "ನೆನಪಿಲ್ಲ" ಅಂದಳು. ನಾನು ಅಲ್ಲೇ ಕೂತಿದ್ದೆ.

ಇದನ್ನೆಲ್ಲ ಆ ಕಾಲಂನಲ್ಲಿ ಈಗಷ್ಟೇ ಬರೆದು ಮುಗಿಸಿದೆ. ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದ್ದೇನೆ. ಕೆಲಸ ಕೊಡುತ್ತಾರೋ ಇಲ್ಲವೋ ತಿಳಿಯದು. ನಿನ್ನ ದೂರಿನ ನಕಲಿನಲ್ಲಿ ಆ ಹುಡುಗಿಯ ವಿಳಾಸ ಇದೆ, ಬೇಗ ಕಳಿಸು. ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ.